589, 1,655, 546

2015ರಲ್ಲಿ ಕರ್ನಾಟಕದಲ್ಲಿ ದಾಖಲಾದ ಅತ್ಯಾಚಾರ ಪ್ರಕರಣಗಳು 589. ಮರುವರ್ಷ 1,655. ಅದರ ಮರುವರ್ಷ 546. ಮೂರೂ ಸರ್ಕಾರಿ ಅಂಕಿಗಳೇ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ, ಅಂದರೆ ಎನ್‌ಸಿಆರ್‌ಬಿ, ವರ್ಷಕ್ಕೊಮ್ಮೆ ಹೊರತರುವ ‘ಕ್ರೈಮ್ ಇನ್ ಇಂಡಿಯಾ’ ಸಂಪುಟಗಳಲ್ಲಿ ಇರುವಂಥವು. ಇಷ್ಟನ್ನೇ ಓದಿದವರಿಗೆ 2016ರಲ್ಲಿ ನಮ್ಮ ರಾಜ್ಯಕ್ಕೆ ಏನೋ ಗ್ರಹಚಾರ ಬಡಿದಿತ್ತು, ಮರುವರ್ಷ ಯಾರೋ ಖಡಕ್ ಅಧಿಕಾರಿ ಬಂದು ಎಲ್ಲವನ್ನೂ ಮೂರನೇ ಒಂದಕ್ಕೆ ಇಳಿಸಿಬಿಟ್ಟ ಅನ್ನಿಸಬೇಕು.

ಆದದ್ದು ಇಷ್ಟು. 2016ರ ಕೋಷ್ಟಕದಲ್ಲಿ ಭಾರತೀಯ ದಂಡ ಸಂಹಿತೆಯ 376ನೇ ಕಲಮಿನ ಪ್ರಕರಣಗಳ ಜೊತೆಗೆ ಪೋಕ್ಸೊ ಕಾಯ್ದೆಯ 4 ಮತ್ತು 6ನೇ ಕಲಮಿನವನ್ನೂ, ಎಂದರೆ ಮಕ್ಕಳ ಮೇಲೆ ನಡೆದವನ್ನೂ, ಒಂದೇ ಕಾಲಮಿಗೆ ಸುರಿದರು. 2017ರಲ್ಲಿ ಅವನ್ನು ತೆಗೆದು ಬೇರೆ ಪುಟಕ್ಕೆ ಹಾಕಿದರು. ಸಾವಿರಕ್ಕೂ ಮೇಲ್ಪಟ್ಟ ಪ್ರಕರಣಗಳು ಒಂದು ಪುಟದಿಂದ ಇನ್ನೊಂದು ಪುಟಕ್ಕೆ ಸರಿದವು. ಊರಲ್ಲಿ, ಓಣಿಯಲ್ಲಿ, ಹೊಲದಲ್ಲಿ ಏನೂ ಬದಲಾಗಿರಲಿಲ್ಲ. ಸೇರು ಬದಲಾಗಿತ್ತು, ಜೋಳದ ರಾಶಿ ಅಷ್ಟೇ ಇತ್ತು.

ಅದೇ 2017ರಲ್ಲಿ ಮಧ್ಯಪ್ರದೇಶದ ಅಂಕಿ 5,562. ಜನಸಂಖ್ಯೆಯಲ್ಲಿ ಮಧ್ಯಪ್ರದೇಶ ನಮಗಿಂತ ತುಸು ದೊಡ್ಡದು, ಅಷ್ಟೆ. ಅಂಕಿ ಮಾತ್ರ ಹತ್ತು ಪಟ್ಟು. ‘ಅತ್ಯಾಚಾರದಲ್ಲಿ ದೇಶಕ್ಕೇ ಮೊದಲು’ ಎಂಬ ಪಟ್ಟ ಆ ರಾಜ್ಯಕ್ಕೆ ಸಿಕ್ಕಿತು. ಆದರೆ ಆ 5,562ರಲ್ಲಿ 3,082 ಸಂತ್ರಸ್ತರು ಹದಿನೆಂಟು ತುಂಬದವರು. ಅಲ್ಲಿನ ಪೊಲೀಸರು ಅವರನ್ನು 376ರ ಸಾಲಿನಲ್ಲಿ ಬರೆದರು, ನಮ್ಮವರು ಅಂಥವರನ್ನು ಹೆಚ್ಚಾಗಿ ಪೋಕ್ಸೊ ಸಾಲಿನಲ್ಲಿ ಬರೆದರು. ಎರಡು ರಾಜ್ಯಗಳ ನಡುವಿನ ಅಂತರದಲ್ಲಿ ದೊಡ್ಡದೊಂದು ಪಾಲು ಬರಹಗಾರ ಹೆಡ್ ಕಾನ್‌ಸ್ಟೆಬಲ್ ಯಾವ ಕಾಲಮನ್ನು ಆರಿಸಿದ ಎಂಬುದರ ಮೇಲೆ ನಿಂತಿದೆ.

ಆ ಕಾಲಮಿನ ಹಾದಿಯನ್ನೇ ಒಮ್ಮೆ ನೋಡಿ. ನಮ್ಮ ವಿಜಯಪುರ ಜಿಲ್ಲೆಯ ತಿಕೋಟಾ ಠಾಣೆಯಲ್ಲೋ ಬಬಲೇಶ್ವರ ಠಾಣೆಯಲ್ಲೋ ಒಂದು ಎಫ್‌ಐಆರ್ ಆಗುತ್ತದೆ. ಅದು ಕಂಪ್ಯೂಟರ್‌ಗೆ ಹೋಗಿ, ವಿಜಯಪುರದ ಜಿಲ್ಲಾ ಅಪರಾಧ ದಾಖಲೆಗಳ ವಿಭಾಗಕ್ಕೆ, ಅಲ್ಲಿಂದ ಬೆಂಗಳೂರಿನ ರಾಜ್ಯ ವಿಭಾಗಕ್ಕೆ, ಅಲ್ಲಿಂದ ದಿಲ್ಲಿಗೆ. ಒಂದು ಎಫ್‌ಐಆರ್‌ನಲ್ಲಿ ಎಷ್ಟೇ ಕಲಮುಗಳಿರಲಿ, ದಿಲ್ಲಿ ಎಣಿಸುವುದು ಒಂದನ್ನೇ: ಅದರಲ್ಲಿ ಎಲ್ಲಕ್ಕಿಂತ ಘೋರವಾದದ್ದನ್ನು. ‘ಪ್ರಧಾನ ಅಪರಾಧ’ ಎನ್ನುತ್ತಾರೆ. ಅತ್ಯಾಚಾರ ಮಾಡಿ ಕೊಂದರೆ ಅತ್ಯಾಚಾರದ ಸಾಲಿನಲ್ಲಿ ಅದು ಇರುವುದಿಲ್ಲ. ಅದಕ್ಕೆಂದೇ ಈಗ ಬೇರೆ ಸಾಲು ಮಾಡಿದ್ದಾರೆ. 2022ರಲ್ಲಿ ಇಡೀ ದೇಶದಲ್ಲಿ ಅದರಲ್ಲಿ 248 ಪ್ರಕರಣಗಳಿದ್ದವು. ಅದೇ ವರ್ಷದ ಅತ್ಯಾಚಾರದ ಸಾಲಿನ 31,516ರಲ್ಲಿ ಈ 248 ಸೇರಿಲ್ಲ. 2017ರ ಡಿಸೆಂಬರ್‌ನಲ್ಲಿ ವಿಜಯಪುರ ನಗರದಲ್ಲಿ ಶಾಲಾ ಬಾಲಕಿಯೊಬ್ಬಳ ಮೇಲೆ ಸಾಮೂಹಿಕ ಅತ್ಯಾಚಾರ, ಕೊಲೆಯ ಆರೋಪ ಬಂದು ರಾಜ್ಯದ ಊರೂರುಗಳಲ್ಲಿ ಜನ ಬೀದಿಗಿಳಿದಿದ್ದರು. ಅಂಥ ಆರೋಪದ ಪ್ರಕರಣದಲ್ಲಿ ಕೊಲೆ, ಅತ್ಯಾಚಾರ, ಪೋಕ್ಸೊ, ದಲಿತರ ಮೇಲಿನ ದೌರ್ಜನ್ಯ ತಡೆ ಕಾಯ್ದೆ, ನಾಲ್ಕೂ ಒಂದೇ ಎಫ್‌ಐಆರ್‌ನಲ್ಲಿ ಬರಬಹುದು. ಜಿಲ್ಲೆ ನಡುಗಿಸಿದ ಘಟನೆಗೆ ಅತ್ಯಾಚಾರದ ಕಾಲಮಿನಲ್ಲಿ ಸಿಗುವ ಜಾಗ ಸೊನ್ನೆಯಾಗಿರಬಹುದು. ಇದನ್ನು ಮೋಸ ಎನ್ನಲಾರೆ. ಒಂದು ಘಟನೆಯನ್ನು ನಾಲ್ಕು ಸಲ ಎಣಿಸಬಾರದು ಎಂಬುದಕ್ಕೆ ಮಾಡಿದ ನಿಯಮ ಅದು. ಆದರೆ ನಿಯಮ ಗೊತ್ತಿಲ್ಲದೆ ಆ ಸಾಲನ್ನು ಓದುವವರು ಓದುತ್ತಿರುವುದೇನನ್ನು?

ಆ 31,516ನ್ನು ಪತ್ರಿಕೆಗಳು ಗಡಿಯಾರ ಮಾಡುತ್ತವೆ. ವರ್ಷದಲ್ಲಿ 5,25,600 ನಿಮಿಷ. ಭಾಗಿಸಿದರೆ ಹದಿನಾರು ಮುಕ್ಕಾಲು ನಿಮಿಷಕ್ಕೊಂದು. ದಿನಕ್ಕೆ 86. ಹೇಳಿದ ಕೂಡಲೇ ಎದೆ ಝಲ್ಲೆನ್ನುತ್ತದೆ, ಅದಕ್ಕೇ ಹೇಳುವುದು. ನನಗೆ ಈ ಗಡಿಯಾರದ ಮೇಲೆ ಸಿಟ್ಟು. ಅದು ಸುಳ್ಳು ಅಂತಲ್ಲ. ಅದು ತೋರಿಸುವುದು ಅತ್ಯಾಚಾರ ಎಷ್ಟು ಹೊತ್ತಿಗೊಮ್ಮೆ ನಡೆಯುತ್ತದೆ ಎಂಬುದನ್ನಲ್ಲ, ಪೊಲೀಸ್ ಠಾಣೆಯ ಪುಸ್ತಕ ಎಷ್ಟು ಹೊತ್ತಿಗೊಮ್ಮೆ ತೆರೆಯುತ್ತದೆ ಎಂಬುದನ್ನು. ಎನ್‌ಸಿಆರ್‌ಬಿಯೇ ತನ್ನ ವರದಿಯ ಆರಂಭದಲ್ಲಿ ಎಚ್ಚರಿಸುತ್ತದೆ: ಅಪರಾಧ ಹೆಚ್ಚುವುದು ಬೇರೆ, ದಾಖಲೆ ಹೆಚ್ಚುವುದು ಬೇರೆ. ಆ ಎಚ್ಚರಿಕೆ ಶೀರ್ಷಿಕೆಯಾದದ್ದನ್ನು ನಾನಂತೂ ನೋಡಿಲ್ಲ.

ಈ ಪುಸ್ತಕದಲ್ಲಿ ಅತ್ಯಾಚಾರ ಎಂಬ ಸಾಲು ಬಂದದ್ದೇ ತಡವಾಗಿ. ‘ಕ್ರೈಮ್ ಇನ್ ಇಂಡಿಯಾ’ ಶುರುವಾದದ್ದು 1953ರಲ್ಲಿ. ಕೊಲೆ, ದರೋಡೆ, ಕನ್ನಗಳವು, ವಂಚನೆ ಎಲ್ಲ ಎಣಿಸಿದರು. ಅತ್ಯಾಚಾರಕ್ಕೆ ಪ್ರತ್ಯೇಕ ಲೆಕ್ಕ ಸಿಗುವುದು 1971ರಿಂದ. ಆ ವರ್ಷ ಇಡೀ ದೇಶದಲ್ಲಿ 2,487. ಐವತ್ತೊಂದು ವರ್ಷದಲ್ಲಿ ಅದು ಹನ್ನೆರಡು ಪಟ್ಟಿಗೂ ಮಿಕ್ಕಿ ಬೆಳೆಯಿತು. ಜನಸಂಖ್ಯೆ ಬೆಳೆದದ್ದು ಎರಡೂವರೆ ಪಟ್ಟು. 2012ರಲ್ಲಿ 24,923 ಇದ್ದದ್ದು ಒಂದೇ ವರ್ಷದಲ್ಲಿ 33,707 ಆಯಿತು, ನೂರಕ್ಕೆ 35ರಷ್ಟು ಜಿಗಿತ. ಆ ನಡುವೆ ಆದದ್ದು ದಿಲ್ಲಿಯ ನಿರ್ಭಯಾ ಪ್ರಕರಣ, ಅದರ ಬೆನ್ನಿಗೆ 2013ರ ಕಾನೂನು ತಿದ್ದುಪಡಿ. ಅತ್ಯಾಚಾರದ ವ್ಯಾಖ್ಯೆ ಹಿಗ್ಗಿತು, ಸಮ್ಮತಿಯ ವಯಸ್ಸು ಹದಿನಾರರಿಂದ ಹದಿನೆಂಟಕ್ಕೆ ಏರಿತು, ದೂರು ಬರೆದುಕೊಳ್ಳದ ಪೊಲೀಸನಿಗೇ ಶಿಕ್ಷೆ ಎಂದಾಯಿತು. ಅದೇ ವರ್ಷದ ನವೆಂಬರ್‌ನಲ್ಲಿ ಲಲಿತಾ ಕುಮಾರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಎಫ್‌ಐಆರ್ ಕಡ್ಡಾಯ ಎಂದಿತು. ಜಿಗಿದದ್ದು ಗಂಡಸರ ಕ್ರೌರ್ಯವೋ ಹೆಂಗಸರ ಧೈರ್ಯವೋ ಪೊಲೀಸರ ಭಯವೋ? ಅಂಕಿಯನ್ನು ಎಷ್ಟು ಹಿಂಡಿದರೂ ಇದಕ್ಕೆ ಉತ್ತರ ಬರುವುದಿಲ್ಲ.

ಹಾಗಾದರೆ ಮನೆಗೇ ಹೋಗಿ ಕೇಳೋಣ. ಅದನ್ನು ಮಾಡುವುದು ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ. ಐದನೇ ಸುತ್ತಿನಲ್ಲಿ ದೇಶದ 6,36,699 ಮನೆಗಳಿಗೆ ಹೋಗಿ 7,24,115 ಮಹಿಳೆಯರನ್ನು ಮಾತನಾಡಿಸಿದರು. ಆದರೆ ಹಿಂಸೆಯ ಪ್ರಶ್ನೆಗಳನ್ನು ಎಲ್ಲರಿಗೂ ಕೇಳುವುದಿಲ್ಲ. ನೂರಕ್ಕೆ ಹದಿನೈದು ಮನೆಗಳಲ್ಲಿ ಮಾತ್ರ, ಮನೆಗೊಬ್ಬ ಹೆಣ್ಣುಮಗಳಿಗೆ ಮಾತ್ರ, ಅದೂ ಅವಳೊಬ್ಬಳೇ ಸಿಕ್ಕರೆ ಮಾತ್ರ. ಯಾರಾದರೂ ಬಂದರೆ ಸಮೀಕ್ಷಕಿ ಮಾತು ಬದಲಿಸಬೇಕು ಅಥವಾ ನಿಲ್ಲಿಸಬೇಕು.

ತಿಕೋಟಾ ಸೀಮೆಯ ಒಂದು ಮನೆಯನ್ನು ಕಣ್ಣಮುಂದೆ ತಂದುಕೊಳ್ಳಿ. ಮಧ್ಯಾಹ್ನ. ಗಂಡಸರು ದ್ರಾಕ್ಷಿ ತೋಟದಲ್ಲಿ. ಪಡಸಾಲಿಯಲ್ಲಿ ಅತ್ತಿ ಕೂತಿದ್ದಾಳೆ, ಓಣಿಯ ಇಬ್ಬರು ಹೆಂಗಸರು ‘ಯಾರೋ ಬಂದಾರ, ಏನೋ ಬರಕೊಳ್ಳಾಕತ್ತಾರ’ ಎಂದು ಬಾಗಿಲಲ್ಲಿ ನಿಂತಿದ್ದಾರೆ. ನೀರು, ಕಕ್ಕಸು, ಮಕ್ಕಳು, ಲಸಿಕೆ, ಊಟ ಎಲ್ಲ ಕೇಳಿ ಮುಗಿಸಿ ತಾಸು ಕಳೆದ ಮೇಲೆ, ಸೊಸೆಯನ್ನು ಒಳಗೆ ಕರೆದುಕೊಂಡು ಹೋಗಿ, ಮೊದಲು ಏಳು ಪ್ರಶ್ನೆ: ಗಂಡ ಕೆನ್ನೆಗೆ ಹೊಡೆದದ್ದಿದೆಯಾ, ಕೈ ತಿರುವಿದ್ದು ಇಲ್ಲವೇ ಕೂದಲು ಹಿಡಿದು ಜಗ್ಗಿದ್ದು ಇದೆಯಾ, ನೂಕಿದ್ದು, ಗುದ್ದಿದ್ದು, ಒದ್ದಿದ್ದು, ಕುತ್ತಿಗೆ ಹಿಚುಕಿದ್ದು ಇಲ್ಲವೇ ಸುಡಲು ಹೋದದ್ದು, ಚಾಕು ತೋರಿಸಿದ್ದು. ಆಮೇಲೆ ಮೂರು: ಮನಸ್ಸಿಲ್ಲದಾಗ ಮೈಬಲದಿಂದ ಕೂಡಿದ್ದು, ಬೇಡದ ಇನ್ನೇನನ್ನೋ ಮಾಡಿಸಿದ್ದು, ಬೆದರಿಸಿ ಒಪ್ಪಿಸಿದ್ದು. ಮೊದಲನೆಯದಕ್ಕೇ ಉತ್ತರ ‘ಗಂಡ ಅಂದ್ಮ್ಯಾಲ ಒಂದ್ ಏಟ್ ಹೊಡಿಯಂಗಿಲ್ಲೇನ್ರಿ’ ಎಂದು ಬರಬಹುದು. ಇದು ಹೌದೋ ಅಲ್ಲವೋ? ಸಮೀಕ್ಷಕಿ ನಕ್ಕು ಮುಂದೆ ಹೋದರೆ ‘ಇಲ್ಲ’. ತಾಳ್ಮೆಯಿಂದ ‘ಹಂಗಂದ್ರ ಹೊಡದಾರೇನವ್ವಾ?’ ಎಂದು ಮತ್ತೆ ಕೇಳಿದರೆ ‘ಹೌದು’. ರಾಜ್ಯದ ಸರಾಸರಿ ಇಂಥ ಕೋಣೆಗಳಲ್ಲಿ ಹುಟ್ಟುತ್ತದೆ.

ಆ ಸರಾಸರಿ ನೋಡಿ. 2015-16ರ ನಾಲ್ಕನೇ ಸುತ್ತಿನಲ್ಲಿ ಕರ್ನಾಟಕದ 18ರಿಂದ 49ರ ವಿವಾಹಿತ ಮಹಿಳೆಯರಲ್ಲಿ ಗಂಡನಿಂದ ದೈಹಿಕ ಅಥವಾ ಲೈಂಗಿಕ ಹಿಂಸೆ ಅನುಭವಿಸಿದವರು ನೂರಕ್ಕೆ 20.6. ಐದನೇ ಸುತ್ತಿನಲ್ಲಿ 44.4. ದೇಶಕ್ಕೇ ಮೊದಲು. ದೇಶದ ಸರಾಸರಿ ಅದೇ ಹೊತ್ತಿಗೆ 31.2ರಿಂದ 29.3ಕ್ಕೆ ಇಳಿದಿತ್ತು, ಆಂಧ್ರದಲ್ಲಿ 43.4 ಇದ್ದದ್ದು 30ಕ್ಕೆ ಬಂದಿತ್ತು. ಲಾಕ್‌ಡೌನ್ ಪರಿಣಾಮ ಅನ್ನೋಣವೆಂದರೆ ಕರ್ನಾಟಕದ ಸಂದರ್ಶನಗಳೆಲ್ಲ ಮುಗಿದದ್ದು ಕೊರೊನಾ ಬರುವ ಮೊದಲೇ, 2019ರಲ್ಲಿ. ನಾಲ್ಕು ವರ್ಷದಲ್ಲಿ ಒಂದು ರಾಜ್ಯದ ಗಂಡಂದಿರು ಎರಡು ಪಟ್ಟು ಕ್ರೂರರಾದರು ಎಂದು ನಂಬುವುದು ಕಷ್ಟ. ಮೊದಲಿನ ಸುತ್ತಿನಲ್ಲಿ ಅರ್ಧಕ್ಕರ್ಧ ಹೆಂಗಸರು ಬಾಯಿ ಬಿಟ್ಟಿರಲಿಲ್ಲ, ಎರಡನೇ ಸಲ ಕೇಳಿದವರು ಚೆನ್ನಾಗಿ ಕೇಳಿದರು ಎಂದು ನಂಬುವುದು ಸುಲಭ. ಹಾಗಿದ್ದರೆ 20.6 ಎಂಬುದು ನಾಲ್ಕು ವರ್ಷ ನಾವು ನೆಮ್ಮದಿಯಿಂದ ಓದಿಕೊಂಡ ತಪ್ಪು ಅಂಕಿ. ಇನ್ನೂ ಒಂದು ಮಾತು: ಈ 44.4ರಲ್ಲಿ ಕಪಾಳಕ್ಕೆ ಹೊಡೆದದ್ದೂ ಇದೆ, ಬಲಾತ್ಕಾರವೂ ಇದೆ. ಇಡೀ ಅಂಕಿಯನ್ನು ‘ಲೈಂಗಿಕ ಹಿಂಸೆ’ ಎಂದು ಓದಿದರೆ ಅದೂ ತಪ್ಪೇ.

ತಿಕೋಟಾದಿಂದ ಪಶ್ಚಿಮಕ್ಕೆ ಹೊರಟರೆ ಸ್ವಲ್ಪ ದೂರದಲ್ಲೇ ಮಹಾರಾಷ್ಟ್ರದ ಜತ್ತ ತಾಲ್ಲೂಕು. ಅಲ್ಲೂ ಕನ್ನಡ, ಅಲ್ಲೂ ಜೋಳದ ರೊಟ್ಟಿ, ಅಲ್ಲೂ ದ್ರಾಕ್ಷಿ. ಹೆಣ್ಣು ಕೊಡುವುದು, ತರುವುದು ತಲೆಮಾರುಗಳಿಂದ ನಡೆದಿದೆ. ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 44.4, ಮಹಾರಾಷ್ಟ್ರದಲ್ಲಿ 25.2. ಗಡಿಯ ಈಚೆಗಿನ ಕನಮಡಿಯ ಹುಡುಗಿಯನ್ನು ಗಡಿ ದಾಟಿಸಿ ಮದುವೆ ಮಾಡಿಕೊಟ್ಟರೆ ಅವಳ ಅಪಾಯ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ ಎಂದು ಈ ಭಾಗದ ಯಾವ ತಾಯಿಗಾದರೂ ಹೇಳಿ ನೋಡಿ, ನಿಮ್ಮ ಮುಖ ನೋಡುತ್ತಾಳೆ. ರಾಜ್ಯದ ಸರಾಸರಿ ರಾಜ್ಯದ್ದು. ಅದನ್ನು ಗಡಿಯ ಹಳ್ಳಿಗೆ ಹೊದಿಸಲು ಬರುವುದಿಲ್ಲ.

ಜಿಲ್ಲೆಯ ಅಂಕಿಯನ್ನೇ ತೆಗೆದು ನೋಡಬಹುದಲ್ಲ ಎಂದರೆ, ಇಲ್ಲ. ವಿಜಯಪುರ ಜಿಲ್ಲೆಗೆ ಐದನೇ ಸುತ್ತಿನ ಪ್ರತ್ಯೇಕ ವರದಿ ಇದೆ. ಹೆಸರು ಬದಲಾಗಿ ವರ್ಷಗಳಾದರೂ ಅದರ ಮೇಲೆ ಇನ್ನೂ ‘ಬಿಜಾಪುರ’ ಅಂತಲೇ ಇದೆ. (ಹುಡುಕುವವರು ಛತ್ತೀಸಗಢದ ಬಿಜಾಪುರಕ್ಕೆ ಹೋಗದಂತೆ, ದೇವನಹಳ್ಳಿಯ ವಿಜಯಪುರಕ್ಕೆ ಇಳಿಯದಂತೆ, ಹೊಸ ವಿಜಯನಗರ ಜಿಲ್ಲೆಗೆ ಬೆರೆಸದಂತೆ ನೋಡಿಕೊಳ್ಳಬೇಕು.) ರಾಜ್ಯದ ಪಟ್ಟಿಯಲ್ಲಿ 131 ಸೂಚ್ಯಂಕಗಳಿದ್ದರೆ ಜಿಲ್ಲೆಯ ಪಟ್ಟಿಯಲ್ಲಿ 104. ರಕ್ತಹೀನತೆ, ಅಡುಗೆ ಅನಿಲ, ಹೆರಿಗೆ, ಹದಿನೆಂಟರ ಮೊದಲು ಮದುವೆ ಎಲ್ಲ ಇದೆ. ಹಿಂಸೆಯ ಸಾಲು ಇಲ್ಲ, ಏಕೆಂದರೆ ಆ ಪ್ರಶ್ನೆಗಳ ಮಾದರಿಯೇ ರಾಜ್ಯಮಟ್ಟಕ್ಕೆಂದು ಮಾಡಿದ್ದು. 2011ರ ಜನಗಣತಿಯ ಪ್ರಕಾರ ಜಿಲ್ಲೆಯಲ್ಲಿ 10,66,309 ಹೆಣ್ಣುಮಕ್ಕಳು. ಅವರಲ್ಲಿ ಎಷ್ಟು ಜನ ಮನೆಯೊಳಗೆ ಹಿಂಸೆ ಉಂಡಿದ್ದಾರೆ ಎಂದು ಈ ಸಮೀಕ್ಷೆಯಿಂದ ತಿಳಿಯುವ ದಾರಿ ಇಲ್ಲ.

ಆದರೂ ಎರಡು ಪುಸ್ತಕಗಳನ್ನು ಪಕ್ಕಪಕ್ಕ ಇಟ್ಟು ನೋಡುವ ಚಪಲ ಬಿಡುವುದಿಲ್ಲ. 2022ರಲ್ಲಿ ಕರ್ನಾಟಕದಲ್ಲಿ ದಾಖಲಾದ ಅತ್ಯಾಚಾರ 595. ಲಕ್ಷ ಮಹಿಳೆಯರಿಗೆ 1.8. ಇದನ್ನೇ ವಿಜಯಪುರ ಜಿಲ್ಲೆಗೆ ಪಾಲು ಹಂಚಿದರೆ ವರ್ಷಕ್ಕೆ ಹತ್ತೊಂಬತ್ತು. ಇತ್ತ ಸಮೀಕ್ಷೆ ಹೇಳುವುದು: ಕರ್ನಾಟಕದ 18ರಿಂದ 29ರ ಯುವತಿಯರಲ್ಲಿ ಹದಿನೆಂಟು ತುಂಬುವ ಮೊದಲೇ ಲೈಂಗಿಕ ಹಿಂಸೆ ಅನುಭವಿಸಿದವರು ನೂರಕ್ಕೆ 11. ಸಾವಿರಕ್ಕೆ 110. ಒಂದು ವರ್ಷದ ಲೆಕ್ಕ, ಇನ್ನೊಂದು ಹದಿನೆಂಟು ವರ್ಷದ ಲೆಕ್ಕ, ಆದ್ದರಿಂದ ನೇರ ಹೋಲಿಸುವುದು ಅನ್ಯಾಯ. ಸರಿ, ಪೊಲೀಸ್ ಅಂಕಿಯನ್ನು ಹದಿನೆಂಟರಿಂದ ಗುಣಿಸಿ: ಲಕ್ಷಕ್ಕೆ 32, ಸಾವಿರಕ್ಕೆ ಮೂರನೇ ಒಂದು ಭಾಗ. ಪೋಕ್ಸೊ ಪ್ರಕರಣಗಳನ್ನೂ ಕೂಡಿಸಿ ಮೂರು-ನಾಲ್ಕು ಪಟ್ಟು ಮಾಡಿ: ಸಾವಿರಕ್ಕೆ ಒಂದು, ಬೇಕಿದ್ದರೆ ಒಂದೂವರೆ. ಅತ್ತ ಒಂದೂವರೆ, ಇತ್ತ 110. ವ್ಯಾಖ್ಯೆಯ ವ್ಯತ್ಯಾಸಗಳನ್ನೆಲ್ಲ ಧಾರಾಳವಾಗಿ ಕಳೆದರೂ ಈ ಕಂದಕ ತುಂಬುವುದಿಲ್ಲ.

ಈ ಕಂದಕ ಎಷ್ಟು ಆಳ ಎಂದು 2018ರಲ್ಲಿ ಮಿಂಟ್ ಪತ್ರಿಕೆ ನಾಲ್ಕನೇ ಸುತ್ತಿನ ಸಮೀಕ್ಷೆಯನ್ನೂ ಪೊಲೀಸ್ ಲೆಕ್ಕವನ್ನೂ ಜೋಡಿಸಿ ನೋಡಿತ್ತು. ಲೈಂಗಿಕ ಹಿಂಸೆಯಲ್ಲಿ ನೂರಕ್ಕೆ 99 ದಾಖಲಾಗುವುದೇ ಇಲ್ಲ ಎಂದು ಬಂತು. ಆ 99 ಆಮೇಲೆ ಭಾಷಣಗಳಿಗೆ, ಪೋಸ್ಟರುಗಳಿಗೆ ಹೋಯಿತು. ಆದರೆ ಅದೇ ವಿಶ್ಲೇಷಣೆಯಲ್ಲಿ ಗಂಡಂದಿರನ್ನು ಹೊರಗಿಟ್ಟರೆ ಅಂಕಿ ಸುಮಾರು 85ಕ್ಕೆ ಇಳಿಯುತ್ತದೆ. ದಾಖಲಾಗುವುದು ನೂರಕ್ಕೆ ಒಂದು ಎನ್ನುವುದಕ್ಕೂ ಹದಿನೈದು ಎನ್ನುವುದಕ್ಕೂ ಹದಿನೈದು ಪಟ್ಟು ಅಂತರ. ಅಂತರದ ಹೆಸರು ಗಂಡ. ಭಾರತೀಯ ಮಹಿಳೆಗೆ ಲೈಂಗಿಕ ಹಿಂಸೆ ಹೊರಗಿನವರಿಗಿಂತ ಗಂಡನಿಂದ ಆಗುವ ಸಾಧ್ಯತೆ 17 ಪಟ್ಟು ಎಂದೂ ಆ ಲೆಕ್ಕ ಹೇಳಿತ್ತು. ಕಾನೂನು ಅದನ್ನು ಅತ್ಯಾಚಾರ ಎಂದೇ ಕರೆಯುವುದಿಲ್ಲ. ದಂಡ ಸಂಹಿತೆಯ ವಿನಾಯಿತಿ 2024ರ ಜುಲೈ 1ರಿಂದ ಜಾರಿಗೆ ಬಂದ ನ್ಯಾಯ ಸಂಹಿತೆಗೂ ಹಾಗೇ ನಡೆದು ಬಂದಿದೆ. 2022ರ ಮಾರ್ಚ್ 23ರಂದು ನಮ್ಮ ಹೈಕೋರ್ಟಿನ ನ್ಯಾಯಮೂರ್ತಿ ಎಂ. ನಾಗಪ್ರಸನ್ನ ಅವರು ಹೆಂಡತಿಯೊಬ್ಬಳ ದೂರಿನಲ್ಲಿ ಗಂಡನ ಮೇಲೆ ಹೊರಿಸಿದ ಅತ್ಯಾಚಾರದ ಆರೋಪವನ್ನು ರದ್ದು ಮಾಡಲು ಒಪ್ಪಲಿಲ್ಲ. ಕೆಲವೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು. ಹಾಗಾಗಿ ಸಮೀಕ್ಷೆ ‘ಹೌದು’ ಎಂದು ಬರೆದುಕೊಳ್ಳುವ ಎಷ್ಟೋ ಉತ್ತರಗಳಿಗೆ ಠಾಣೆಯಲ್ಲಿ ಕಾಲಮೇ ಇಲ್ಲ. ಕಾಲಮಿಲ್ಲದ್ದನ್ನು ದಾಖಲಿಸಿಲ್ಲವೆಂದು ಪೊಲೀಸರನ್ನು ಬೈದರೆ ಏನು ಪ್ರಯೋಜನ?

ಇದಕ್ಕೆ ಉಲ್ಟಾ ಆದದ್ದೂ ಇದೆ. ಪುಸ್ತಕದಲ್ಲಿ ಅತ್ಯಾಚಾರ ಎಂದಿರುವುದು ಬೇರೆ ಇನ್ನೇನೋ ಆಗಿರುವುದು. 2013ರಲ್ಲಿ ದಿಲ್ಲಿಯ ಜಿಲ್ಲಾ ನ್ಯಾಯಾಲಯಗಳು ತೀರ್ಮಾನಿಸಿದ 583 ಪ್ರಕರಣಗಳ ತೀರ್ಪುಗಳನ್ನು ದಿ ಹಿಂದೂ ಪತ್ರಿಕೆಯ ರುಕ್ಮಿಣಿ ಎಸ್. ಒಂದೊಂದಾಗಿ ಓದಿದರು. ಪೂರ್ತಿ ವಿಚಾರಣೆ ನಡೆದವು 460. ಅವುಗಳಲ್ಲಿ 189 ಪ್ರಕರಣಗಳು ಒಪ್ಪಿ ಕೂಡಿದ ಜೋಡಿಗಳವು. ಹುಡುಗಿಯ ಮನೆಯವರು ಹುಡುಗನ ಮೇಲೆ ಹಾಕಿದ ಕೇಸು. ಇನ್ನು 109, ಮದುವೆಯಾಗುತ್ತೇನೆಂದು ನಂಬಿಸಿ ಕೈಕೊಟ್ಟದ್ದು. ‘ನೋಡಿದ್ರಾ, ಎಲ್ಲ ಸುಳ್ಳು ಕೇಸು’ ಎಂದು ಕುಣಿಯುವವರು ಒಂದು ನಿಮಿಷ ತಡೆಯಬೇಕು. ಇಲ್ಲಿ ಹೆಚ್ಚಿನ ಕಡೆ ಮಾತು ಕಸಿದುಕೊಂಡದ್ದು ಹುಡುಗಿಯಿಂದಲೇ. ಅವಳ ಪ್ರೀತಿಯನ್ನು ಅಪ್ಪ ಅತ್ಯಾಚಾರ ಎಂದು ಬರೆಸಿದ. ನಮ್ಮ ಕಡೆ ಇದು ‘ಮಿಸ್ಸಿಂಗ್’ ಎಂದು ಶುರುವಾಗಿ ‘ಕಿಡ್ನ್ಯಾಪ್’ ಆಗಿ ಹುಡುಗಿ ಸಿಕ್ಕ ಮೇಲೆ ‘ಪೋಕ್ಸೊ’ ಆಗುತ್ತದೆ. ಹೈಕೋರ್ಟಿನ ಧಾರವಾಡ ಪೀಠ 2022ರ ನವೆಂಬರ್‌ನಲ್ಲಿ ಇಂಥ ಪ್ರಕರಣಗಳನ್ನು ಕಂಡೇ ಸಮ್ಮತಿಯ ವಯಸ್ಸನ್ನು ಮರುಚಿಂತಿಸಿ ಎಂದು ಕಾನೂನು ಆಯೋಗಕ್ಕೆ ಹೇಳಿತು. ಆಯೋಗ 2023ರ ತನ್ನ 283ನೇ ವರದಿಯಲ್ಲಿ ವಯಸ್ಸು ಇಳಿಸುವುದು ಬೇಡ ಎಂದಿತು.

ಇನ್ನು ಮದುವೆಯಾದ ಬಾಲಕಿಯರ ಲೆಕ್ಕ ಬೇರೆಯೇ ಒಂದು ಸೋಜಿಗ. 2017ರ ಅಕ್ಟೋಬರ್ 11ರ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ಹದಿನೆಂಟು ತುಂಬದ ಹೆಂಡತಿಯ ಜೊತೆಗಿನ ಸಂಬಂಧವೂ ಅತ್ಯಾಚಾರ. ಐದನೇ ಸುತ್ತಿನ ಪ್ರಕಾರ ಕರ್ನಾಟಕದ 20ರಿಂದ 24ರ ಹೆಣ್ಣುಮಕ್ಕಳಲ್ಲಿ ಹದಿನೆಂಟರೊಳಗೆ ಮದುವೆಯಾದವರು ನೂರಕ್ಕೆ 21.3, ಐದರಲ್ಲಿ ಒಬ್ಬಳಿಗಿಂತ ಹೆಚ್ಚು. ಕಾನೂನನ್ನು ಅಕ್ಷರಶಃ ಓದಿದರೆ ಒಂದೊಂದೂ ಒಂದು ಪ್ರಕರಣ. ರಾಜ್ಯದ 595 ಎಲ್ಲಿ, ಇದು ಎಲ್ಲಿ! ಇವುಗಳಲ್ಲಿ ಪುಸ್ತಕಕ್ಕೆ ಬರುವುದು ಬಹುಪಾಲು ಒಂದೇ ದಾರಿಯಿಂದ: ಹೆರಿಗೆಗೆ ಬಂದವಳ ತಾಯಿ ಕಾರ್ಡಿನಲ್ಲೋ ಆಧಾರ್‌ನಲ್ಲೋ ಹುಟ್ಟಿದ ದಿನಾಂಕ ನೋಡಿ, ಹದಿನೇಳು ಎಂದು ಲೆಕ್ಕ ಹಾಕಿ, ಪೋಕ್ಸೊದ 19ನೇ ಕಲಮಿಗೆ ಅಂಜಿ ಆಸ್ಪತ್ರೆಯವರು ಠಾಣೆಗೆ ತಿಳಿಸಿದಾಗ. ಹಾಗೆ ತಿಳಿಸುವುದು ಬಿಗಿಯಾದ ವರ್ಷ ಪೋಕ್ಸೊ ಅಂಕಿ ಏರುತ್ತದೆ. ಕೇಸಿಗೆ ಹೆದರಿ ಮನೆಯಲ್ಲೇ ಹೆರಿಗೆ ಮಾಡಿಸಿದರೆ ಇಳಿಯುತ್ತದೆ. ಇಳಿದ ಅಂಕಿಗೆ ಸಭೆಯಲ್ಲಿ ಚಪ್ಪಾಳೆ.

ಶಿಕ್ಷೆಯ ಪ್ರಮಾಣವನ್ನಾದರೂ ನಂಬಬಹುದೇ? 2022ರಲ್ಲಿ ಅತ್ಯಾಚಾರದಲ್ಲಿ ಶಿಕ್ಷೆಯ ಪ್ರಮಾಣ 27.4 ಎಂದು ವರದಿ. ಹೇಗೆ ಬಂತು: ಆ ವರ್ಷ ವಿಚಾರಣೆ ಮುಗಿದವು 18,517, ಶಿಕ್ಷೆಯಾದವು 5,067. ಆದರೆ ಅದೇ ವರ್ಷ ನ್ಯಾಯಾಲಯಗಳ ಮುಂದೆ ಇದ್ದ ಅತ್ಯಾಚಾರ ಪ್ರಕರಣಗಳು 1,98,285. ಅದರಿಂದ ಭಾಗಿಸಿದರೆ ಅದೇ 5,067 ನೂರಕ್ಕೆ ಎರಡೂವರೆ. ಎರಡೂ ಸರಿಯಾದ ಭಾಗಾಕಾರ. ಹೊಸದಾಗಿ ಒಂದೂ ಕೇಸು ಬರದೆ ಇದ್ದರೂ ಈ ವೇಗದಲ್ಲಿ ಹಳೆಯವು ಮುಗಿಯಲು ಹತ್ತು ವರ್ಷ ದಾಟುತ್ತದೆ. ಅಷ್ಟರಲ್ಲಿ ಸಾಕ್ಷಿ ಹೇಳಬೇಕಾದ ಹುಡುಗಿಗೆ ಮದುವೆಯಾಗಿ ಮಕ್ಕಳಾಗಿರುತ್ತವೆ, ಹಿರಿಯರು ಕೂತು ರಾಜಿ ಮಾಡಿಸಿರುತ್ತಾರೆ. ಖುಲಾಸೆ ಆಯಿತೆಂದರೆ ಸುಳ್ಳು ಕೇಸು ಎಂದಲ್ಲ. ಪೊಲೀಸರು ಕೇಸು ಮುಚ್ಚುವ ‘ಬಿ ರಿಪೋರ್ಟ್’ ಹಾಕಿದರೆಂದರೂ ಅದು ನ್ಯಾಯಾಧೀಶರ ಮಾತಲ್ಲ. ಈ ಮೂರನ್ನೂ ಒಂದೇ ಬುಟ್ಟಿಗೆ ಹಾಕಿ ಎಣಿಸುವವರು ಎರಡೂ ಪಾಳೆಯದಲ್ಲಿದ್ದಾರೆ.

ಇದು ನಮ್ಮ ಹಿಂದುಳಿದ ಠಾಣೆಗಳ ಕಥೆ ಮಾತ್ರ ಎಂದುಕೊಳ್ಳಬೇಡಿ. ಇಂಗ್ಲೆಂಡಿನ ಪೊಲೀಸ್ ತಪಾಸಣಾ ಸಂಸ್ಥೆ 2014ರಲ್ಲಿ ಕಡತ ಬಿಚ್ಚಿ ನೋಡಿದಾಗ, ಪೊಲೀಸರಿಗೆ ತಿಳಿಸಿದ ಲೈಂಗಿಕ ಅಪರಾಧಗಳಲ್ಲೇ ನೂರಕ್ಕೆ 26 ಬರೆದುಕೊಂಡಿರಲಿಲ್ಲ. ಪೊಲೀಸ್ ಅಂಕಿಗಳಿಗಿದ್ದ ‘ರಾಷ್ಟ್ರೀಯ ಅಂಕಿಅಂಶ’ ಎಂಬ ಮುದ್ರೆಯನ್ನೇ ಆ ವರ್ಷ ಕಿತ್ತುಕೊಂಡರು. ಸ್ವೀಡನ್ನಿನಲ್ಲಿ ಒಬ್ಬಾಕೆ ವರ್ಷವಿಡೀ ನಡೆದದ್ದನ್ನು ಒಂದೇ ದಿನ ಬಂದು ಹೇಳಿದರೆ ಪ್ರತಿ ಸಲದ್ದನ್ನೂ ಒಂದೊಂದು ಅಪರಾಧವೆಂದು ಬರೆಯುತ್ತಾರೆ; ಹಾಗಾಗಿ ಆ ದೇಶದ ಅಂಕಿ ಜಗತ್ತಿನ ಪಟ್ಟಿಗಳಲ್ಲಿ ತುದಿಗೆ ಹೋಗಿ ಕೂರುತ್ತದೆ. 2022ರಲ್ಲಿ ಭಾರತ ಲಕ್ಷ ಮಹಿಳೆಯರಿಗೆ 4.7, ಕರ್ನಾಟಕ 1.8. ನಾವು ಸ್ವೀಡನ್ನಿಗಿಂತ ಸುರಕ್ಷಿತ ಎಂದು ಹೇಳಿಕೊಳ್ಳಲು ಬಹಳ ಧೈರ್ಯ ಬೇಕು. ನನ್ನ ಮಟ್ಟಿಗೆ ಹೇಳುವುದಾದರೆ, ಹೆಚ್ಚಿನ ಅಂಕಿ ನೋಡಿದಾಗ ಆಗುವ ಹೆದರಿಕೆಗಿಂತ ಈ 1.8 ನೋಡಿದಾಗ ಆಗುವುದು ದೊಡ್ಡದು.

ಈಗ ತಿಕೋಟಾ, ಬಬಲೇಶ್ವರಕ್ಕೆ ಬರೋಣ. 2011ರಲ್ಲಿ ಜನ ಎಣಿಸಿದಾಗ ಇವು ತಾಲ್ಲೂಕುಗಳೇ ಅಲ್ಲ. ಎರಡೂ ವಿಜಯಪುರ ತಾಲ್ಲೂಕಿನ ಒಳಗಿದ್ದವು. ಜಿಲ್ಲೆಗೆ ಆಗ ಐದೇ ತಾಲ್ಲೂಕು. 2017ರ ಬಜೆಟ್ ಘೋಷಣೆಯ ನಂತರ ಹೊಸವು ಒಂದೊಂದಾಗಿ ಬಂದವು. ಹಾಗಾಗಿ ಲಕ್ಷಕ್ಕೆ ಎಷ್ಟು ಎಂದು ಕೇಳಿದರೆ, ಎಷ್ಟು ಲಕ್ಷಕ್ಕೆ ಎಂದು ತಿರುಗಿ ಕೇಳಬೇಕು. ಅಂಶವಿದೆ, ಛೇದವಿಲ್ಲ. ಅಂಶವೂ ನೆಟ್ಟಗಿಲ್ಲ: ಪೊಲೀಸ್ ಠಾಣೆಯ ಸರಹದ್ದು ತಾಲ್ಲೂಕಿನ ಸರಹದ್ದಲ್ಲ, ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೆ ಹೋದ ತಾಂಡಾದ ಹೆಣ್ಣುಮಗಳಿಗೆ ಅಲ್ಲಿ ಏನಾದರೂ ಆದರೆ, ಇಲ್ಲಿ ಝೀರೊ ಎಫ್‌ಐಆರ್ ಮಾಡಿದರೂ ಕೇಸು ಅಲ್ಲಿಯ ಠಾಣೆಗೆ ಹೋಗಿ ಅಲ್ಲಿಯ ಲೆಕ್ಕಕ್ಕೇ ಸೇರುತ್ತದೆ. ಅಲ್ಲಿ ಅವಳು ಹೊರಗಿನವಳು, ಇಲ್ಲಿ ಅವಳು ಇಲ್ಲ.

ಒಂದು ಲೆಕ್ಕ ಮಾಡಿ ನೋಡೋಣ. ಐವತ್ತು ಸಾವಿರ ಹೆಣ್ಣುಮಕ್ಕಳಿರುವ ಒಂದು ತಾಲ್ಲೂಕು ಎಂದಿಟ್ಟುಕೊಳ್ಳಿ. ರಾಜ್ಯದ 1.8ರ ಪ್ರಕಾರ ವರ್ಷಕ್ಕೆ ಅಲ್ಲಿ ದಾಖಲಾಗಬೇಕಾದದ್ದು ಸರಾಸರಿ 0.9. ಸಂಭವನೀಯತೆಯ ಗಣಿತ ಹೇಳುವಂತೆ, ಏನೂ ಬದಲಾಗದೆಯೇ, ಹತ್ತು ವರ್ಷದಲ್ಲಿ ನಾಲ್ಕು ವರ್ಷ ಅಲ್ಲಿ ಸೊನ್ನೆ ಬರುತ್ತದೆ. ಎರಡು ವರ್ಷಕ್ಕೂ ಮಿಕ್ಕಿ ಎರಡೋ ಅದಕ್ಕಿಂತ ಹೆಚ್ಚೋ ಬರುತ್ತದೆ. ಸೊನ್ನೆ ಬಂದ ವರ್ಷ ‘ಅತ್ಯಾಚಾರಮುಕ್ತ ತಾಲ್ಲೂಕು’, ಒಂದು ಇದ್ದದ್ದು ಎರಡಾದ ವರ್ಷ ‘ಶೇ 100 ಹೆಚ್ಚಳ’. ಎರಡೂ ಸುದ್ದಿಯ ಹಿಂದೆ ಇರುವುದು ಕವಡೆ ಬಿದ್ದ ಬಗೆ ಮಾತ್ರ.

ಇದಕ್ಕೆ ಹೊರತಾದ ದಾರಿ, ಎಂದರೆ ಇಲ್ಲಿಯದೇ ಒಂದು ಸಮೀಕ್ಷೆ, ಅಂಥ ದುಬಾರಿಯೇನಲ್ಲ. ಒಂದು ಪ್ರಮಾಣವನ್ನು ಮೂರು ಅಂಶ ಆಚೀಚೆಯ ಖಚಿತತೆಯಲ್ಲಿ ತಿಳಿಯಲು ಯಾದೃಚ್ಛಿಕವಾಗಿ ಆರಿಸಿದ ಸುಮಾರು 1,067 ಜನ ಸಾಕು. ಹಳ್ಳಿಹಳ್ಳಿಯ ಗುಂಪುಗಳಲ್ಲಿ ಆರಿಸುವುದರಿಂದ ಅದನ್ನು ಎರಡು ಸಾವಿರಕ್ಕೆ ಏರಿಸಿ. ವಿಜಯಪುರದಿಂದ ತಿಕೋಟಾಕ್ಕೆ ಹೋಗುವ ಅಥಣಿ ರಸ್ತೆಯ ಮೇಲೇ ತೊರವಿ ಇದೆ. ಅಲ್ಲಿ 2003ರಲ್ಲಿ ಶುರುವಾದ, ಈಗ ಅಕ್ಕಮಹಾದೇವಿಯ ಹೆಸರು ಹೊತ್ತ ಮಹಿಳಾ ವಿಶ್ವವಿದ್ಯಾಲಯವಿದೆ. ಈ ಸೀಮೆಯ ಮಾತು ಬಲ್ಲ, ‘ಹಂಗಂದ್ರ ಹೊಡದಾರೇನವ್ವಾ’ ಎಂದು ಎರಡನೇ ಸಲ ಕೇಳಬಲ್ಲ ಹೆಣ್ಣುಮಕ್ಕಳು ಅಲ್ಲಿ ಬೇಕಾದಷ್ಟು ಸಿಗುತ್ತಾರೆ. ಪ್ರಶ್ನೆ ಕೇಳಿ ಬಂದ ಮೇಲೆ ಆ ಮನೆಯ ಸೊಸೆಗೆ ಏನಾದರೂ ಆಗದಂತೆ ನೋಡಿಕೊಳ್ಳುವುದೇ ಅದರಲ್ಲಿ ಕಷ್ಟದ ಕೆಲಸ; ಮನೆಯಲ್ಲಿ ಒಬ್ಬಳಿಗೆ ಮಾತ್ರ ಕೇಳಬೇಕು ಎಂಬ ನಿಯಮ ಇರುವುದು ಅದಕ್ಕೇ, ಏನು ಕೇಳಿದರೆಂದು ಮನೆಯ ಬೇರೆಯವರಿಗೆ ತಿಳಿಯಬಾರದೆಂದು.

ಮುಂದಿನ ಜನಗಣತಿಗೆ ಗೊತ್ತು ಮಾಡಿರುವ ದಿನ 2027ರ ಮಾರ್ಚ್ 1. ತಿಕೋಟಾಕ್ಕೆ, ಬಬಲೇಶ್ವರಕ್ಕೆ ಮೊದಲ ಸಲ ತಮ್ಮದೇ ಛೇದ ಸಿಗುವುದು ಆಗ. ಎನ್‌ಸಿಆರ್‌ಬಿಯ ಪಟ್ಟಿ ಜಿಲ್ಲೆಗಿಂತ ಕೆಳಗೆ ಇಳಿಯುವುದಿಲ್ಲವಾದ್ದರಿಂದ ಅಲ್ಲಿ ಆಗಲೂ ಒಂದೇ ಸಾಲು ಇರುತ್ತದೆ: ವಿಜಯಪುರ.